ಜೇನುಪೆಟ್ಟಿಗೆಗೆ ಆಯುಧಪೂಜೆ

ನಮ್ಮ ಬೀದಿಯವರಿಗೆ ಹೂವು ಅಂದರೆ ಮಾರು ಲೆಕ್ಕದಲ್ಲಿ ಸಿಗುವ ಸೇವಂತಿಗೆ, ಜೇನು ಅಂದರೆ ಬಾಟಲಿ. ಜೆ.ಪಿ. ನಗರದ ನಮ್ಮ ಮನೆಯ ತಾರಸಿಯಲ್ಲಿ ನಾನು ಎರಡು ಜೇನುಪೆಟ್ಟಿಗೆ ಇಟ್ಟಾಗ ಒಬ್ಬರು "ಹುಳ ಕಚ್ಚಲ್ವಾ ಸಾರ್?" ಅಂದರು, ಇನ್ನೊಬ್ಬರು "ವಾಸ್ತು ಪ್ರಕಾರ ಯಾವ ಮೂಲೆ?" ಅಂದರು. ಇಂಥವರ ನಡುವೆ ಮೂರು ದಿನದ ತರಬೇತಿ ಮುಗಿಸಿದ ನಾನು ಸಹಜವಾಗಿಯೇ ಮಹಾ ಪಂಡಿತ.

ಪ್ರತಿ ಬೆಳಿಗ್ಗೆ ಕಾಫಿ ಲೋಟ ಹಿಡಿದು ಪೆಟ್ಟಿಗೆಗಳ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಹುಳಗಳು ಎಷ್ಟು ಹೊತ್ತಿಗೆ ಮೇವಿಗೆ ಹೊರಟವು, ಹಿಂದಿರುಗುವಾಗ ಕಾಲಿಗೆ ಅಂಟಿದ ಪರಾಗ ಹಳದಿಯೋ ಕಿತ್ತಳೆಯೋ ಎಂದು ನೋಟ್‌ಬುಕ್ಕಿನಲ್ಲಿ ಗೀಚುತ್ತಿದ್ದೆ. ದೊಡ್ಡ ಪೆಟ್ಟಿಗೆಯ ಸಂಸಾರ ಗಟ್ಟಿ. ಚಿಕ್ಕದರದ್ದು ಬಡಕಲು, ಕಾಂಪೌಂಡಿನ ಸೀಬೆ ಗಿಡಕ್ಕೆ ಬಂದು ಜೋತುಬಿದ್ದಿದ್ದ ಹಿಡಿಯಷ್ಟು ಹುಳಗಳನ್ನು ನಾನೇ ಹಿಡಿದು ತುಂಬಿದ್ದು. ಆಶ್ವಯುಜ ಬಂತೆಂದರೆ ನಮ್ಮ ಬಡಾವಣೆಯಲ್ಲಿ ಹೂವಿಗೆ ಬರ. ಹೊಂಗೆ ಹೂ ಬಿಡುವವರೆಗೆ ಇವು ಬದುಕಿಬಿಟ್ಟರೆ ಸಾಕು ಅಂತ ನನಗೆ ಅದೊಂದೇ ಚಿಂತೆ. ನಿಜ ಹೇಳಬೇಕೆಂದರೆ ಆ ಬಡಕಲು ಸಂಸಾರದ ಮೇಲೆಯೇ ನನಗೆ ಪ್ರೀತಿ ಜಾಸ್ತಿ.

ಆಯುಧಪೂಜೆಯ ದಿನ ಬೀದಿಯುದ್ದಕ್ಕೂ ಕಾರು ತೊಳೆದದ್ದೇ ತೊಳೆದದ್ದು. ವರ್ಷವಿಡೀ ನೀರಿಲ್ಲ ಅಂತ ಟ್ಯಾಂಕರ್ ತರಿಸುವ ಜನ ಇವರು. ಒಬ್ಬ ಮಹಾಶಯ ವ್ಯಾಕ್ಯೂಮ್ ಕ್ಲೀನರಿಗೂ ಕುಂಕುಮ ಇಟ್ಟಿದ್ದ. ಅದನ್ನು ನೋಡಿ ಮೂಗು ಮುರಿದ ನಾನು ತಾರಸಿಗೆ ಹೋಗಿ ಮಾಡಿದ್ದೇನು? ನನ್ನ ಆಯುಧ ಇದೇ ತಾನೇ ಅಂತ ಎರಡೂ ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ, ಬಾಳೆಹಣ್ಣು, ಬೆಲ್ಲ, ಜೇನುತುಪ್ಪ ಕಲಸಿದ ರಸಾಯನದ ತಟ್ಟೆಯನ್ನು ನೈವೇದ್ಯವೆಂದು ಚಿಕ್ಕ ಪೆಟ್ಟಿಗೆಯ ಮುಚ್ಚಳದ ಮೇಲಿಟ್ಟೆ. ಪಾಪ, ಅವೂ ಹಬ್ಬದ ದಿನ ಹೊಟ್ಟೆತುಂಬ ತಿನ್ನಲಿ ಅಂತ.

ಮಧ್ಯಾಹ್ನದ ಹೊತ್ತಿಗೆ ತಟ್ಟೆ ಖಾಲಿ, ಚಿಕ್ಕ ಪೆಟ್ಟಿಗೆಯ ಬಾಗಿಲಲ್ಲಿ ಸಂತೆ. ನನ್ನ ಖುಷಿ ಕೇಳಬೇಡಿ. ಪ್ರಸಾದ ಕೊಡಲು ಬಂದವರನ್ನೆಲ್ಲ ತಾರಸಿಗೆ ಎಳೆದೊಯ್ದು, "ನೋಡಿ, ಮೇವು ತರೋದು ಅಂದ್ರೆ ಹಿಂಗೆ" ಎಂದು ಪಾಠ ಮಾಡಿದೆ. ಅವರು ವಿಡಿಯೋ ಹಿಡಿದು "ಸಖತ್ ಸಾರ್" ಅಂದರು. ಹೊಗಳಿಕೆ ಎಂಥ ದಡ್ಡರಿಂದ ಬಂದರೂ ಸಿಹಿಯೇ.

ಕೆಳಮನೆಯಲ್ಲಿ ಬಾಡಿಗೆಗಿದ್ದ ಹೆಣ್ಣುಮಗಳು, ಬಾಗಲಕೋಟೆ ಕಡೆಯಾಕೆ, ಒಣಗಿದ ಬಟ್ಟೆ ತೆಗೆಯಲು ಬಂದು ಇದನ್ನೆಲ್ಲ ನೋಡುತ್ತಾ ನಿಂತಿದ್ದಳು. ಎಲ್ಲರೂ ಇಳಿದುಹೋದ ಮೇಲೆ ಮೆಲ್ಲಗೆ ಅಂದಳು: "ಅಂಕಲ್, ಇವು ಬರೂಮುಂದ ಕಾಲಾಗ ಏನೂ ಇಲ್ರಿ. ಹೋಗೂಮುಂದ ಹೊಟ್ಟಿ ತುಂಬಿರ್ತೈತಿ. ಬಾಗಲದಾಗ ಒಂದಕ್ಕೊಂದು ಕಚ್ಚ್ಯಾಡಾಕ ಹತ್ಯಾವು. ಇವು ಈ ಪೆಟಗಿ ಹುಳಾನ ಹೌದೇನ್ರಿ?"

"ನೋಡಮ್ಮ, ನಾನು ಟ್ರೈನಿಂಗ್ ತಗೊಂಡಿದ್ದೀನಿ. ನೀನು ಬಟ್ಟೆ ತಗೊಂಡ್ ಹೋಗು" ಅಂದೆ. ಆಕೆ ತೆಗೆದುಕೊಂಡು ಹೋದಳು.

ಮಾರನೆಯ ಬೆಳಿಗ್ಗೆ ಚಿಕ್ಕ ಪೆಟ್ಟಿಗೆಯಿಂದ ಸದ್ದೇ ಇಲ್ಲ. ಮುಚ್ಚಳ ತೆಗೆದರೆ ಮೇಣದ ಪುಡಿ, ಸತ್ತ ಹುಳಗಳ ರಾಶಿ. ರಾಣಿ ಇರಲಿಲ್ಲ. ರಸಾಯನದ ವಾಸನೆ ಹಿಡಿದು ಬಂದ ದೊಡ್ಡ ಪೆಟ್ಟಿಗೆಯ ಹುಳಗಳು ತಟ್ಟೆ ಮುಗಿಸಿ, ಒಳಗೆ ನುಗ್ಗಿ, ಈ ಬಡವರು ಕೂಡಿಟ್ಟ ತುಪ್ಪವನ್ನೆಲ್ಲ ದೋಚಿದ್ದವು. ನಾನು ಜನರನ್ನು ಕರೆದು ತೋರಿಸಿದ್ದು ದರೋಡೆಯನ್ನು. ಹೂವಿಲ್ಲದ ಕಾಲದಲ್ಲಿ ಪೆಟ್ಟಿಗೆಯ ಹತ್ತಿರ ಸಿಹಿ ಇಡಬೇಡಿ ಎಂದು ತರಬೇತಿಯ ಮೊದಲ ದಿನವೇ ಹೇಳಿದ್ದರು. ಆಕೆ ಹೇಳಿದ ಗಳಿಗೆಯಲ್ಲಿ ಬಾಗಿಲು ಕಿರಿದು ಮಾಡಿ ಒದ್ದೆ ಬಟ್ಟೆ ಹೊದಿಸಿದ್ದರೂ ಉಳಿಯುತ್ತಿದ್ದವು. ನನ್ನ ಪಾಂಡಿತ್ಯಕ್ಕಿಷ್ಟು ಬೆಂಕಿ ಬೀಳ.

ಸತ್ತ ಹುಳಗಳನ್ನು ಕಸದ ಮೊರಕ್ಕೆ ಗುಡಿಸಿಕೊಂಡು ಏಳುವಷ್ಟರಲ್ಲಿ ಆಕೆ ಒಗೆದ ಬಟ್ಟೆ ಹಿಡಿದು ಬಂದಳು. "ಏನಾತ್ರಿ ಅಂಕಲ್?"

"ಏನಿಲ್ಲ, ಜಾಗ ಸರಿಹೋಗ್ಲಿಲ್ಲ ಅನ್ಸುತ್ತೆ. ಎದ್ದು ಹೋದ್ವು" ಅಂದೆ, ಹೆಣದ ರಾಶಿಯನ್ನು ಕೈಯಲ್ಲಿ ಹಿಡಿದುಕೊಂಡೇ.

ಆಕೆ ಮೊರವನ್ನು ನೋಡಿದಳು, ನನ್ನನ್ನು ನೋಡಿದಳು. "ಹೌದ್ರಿ, ಒಮ್ಮೊಮ್ಮೆ ಹಂಗಾಗ್ತೈತ್ರಿ" ಅಂದು ಬಟ್ಟೆ ಕೊಡವಿ ಹಗ್ಗಕ್ಕೆ ಹಾಕತೊಡಗಿದಳು. ನಾ ಹೇಳಿದ್ನಲ್ರಿ ಅಂತ ಒಂದು ಮಾತು ಅಂದಿದ್ದರೆ ಜಗಳವಾಡಿ ಹಗುರವಾಗಿಬಿಡುತ್ತಿದ್ದೆ. ಅಷ್ಟು ಉಪಕಾರವನ್ನೂ ಆಕೆ ಮಾಡಲಿಲ್ಲ.