ದೀಪ ಹಚ್ಚಿದ ಮೇಲೆ ದಬ್ಬಣ

ದಬ್ಬಣ ಎಂದರೆ ಗೋಣಿಚೀಲ ಹೊಲಿಯುವ ದಪ್ಪ ಸೂಜಿ ಎಂದು ಶಾಲೆಯಲ್ಲಿ ಕಲಿತಿದ್ದೆ. ಅಷ್ಟೇ ಆಗಿದ್ದರೆ ಎಷ್ಟೋ ಚೆನ್ನಾಗಿತ್ತು! ನಮ್ಮ ಸಿದ್ದಾಪುರದ ಕಡೆ ಕಂಬಳಿಯ ಎರಡು ಪಟ್ಟಿ ಕೂಡಿಸುವುದೂ ಅದೇ, ಬಾಯಿ ತೆರೆದರೆ ಚುಚ್ಚುವ ಹೆಂಗಸಿಗೆ ಇಡುವ ಹೆಸರೂ ಅದೇ. ದೀಪ ಹಚ್ಚಿದ ಮೇಲಂತೂ ಅದು ಆಡಬಾರದ ಮಾತು. ಆ ಹೊತ್ತಿನಲ್ಲಿ ಕೈಯಿಂದ ಕೈಗೆ ದಬ್ಬಣ ದಾಟಿದರೆ ಎರಡೂ ಮನೆಗೆ ಕೇಡು ಎನ್ನುತ್ತಿದ್ದಳು ಅವ್ವ. ನಾನು ನಗುತ್ತಿದ್ದೆ.

ಹೋದ ಮಳೆಗಾಲದಲ್ಲಿ ಆ ನಗು ನಿಂತಿತು. ನಾನೇ ಬಾಟಲಿ ಹಾಲು ಕುಡಿಸಿ ಸಾಕಿದ ಕುರಿ, ತುಂಬಿದ ಗಬ್ಬ, ಹಸಿ ಶೇಂಗಾ ಬಳ್ಳಿ ಮೇಯ್ದು ಬಂದು ಸಂಜೆ ಹೊಟ್ಟೆಯುಬ್ಬಿ ಬಿದ್ದಿತು. ಎಡಪಕ್ಕೆ ತಮಟೆಯಂತೆ ಬಿಗಿದು ನಾಲಿಗೆ ಹೊರಬಂದಿತ್ತು. ಫೋನು ಮಾಡಿದರೆ ದನದ ಡಾಕ್ಟರು ಕುದಾಪುರದ ಹತ್ತಿರ ಎಲ್ಲೋ ಇದ್ದರು.

"ನಾ ಬರೋತನ್ಕ ಅದು ಉಳಿಯಲ್ಲಮ್ಮ. ದಬ್ಬಣ ಐತಾ? ಕುದಿಯೋ ನೀರಾಗೆ ಅದ್ದು. ಎಡಗಡೆ, ಕೊನೇ ಪಕ್ಕೆಲುಬಿನ ಹಿಂದೆ, ಉಬ್ಬಿರೋ ಕಡೆ ಚುಚ್ಚು."

ನಮ್ಮನೆಯಲ್ಲಿ ದಬ್ಬಣವಿರಲಿಲ್ಲ. ಇದ್ದದ್ದು ಪಕ್ಕದ ಮನೆಯ, ಕಂಬಳಿ ಹೊಲಿಯುವ ಅಜ್ಜಿಯ ಹತ್ತಿರ. ಅಲ್ಲಿ ಆಗಲೇ ದೀಪ ಹಚ್ಚಿಯಾಗಿತ್ತು. ಬಾಗಿಲಲ್ಲಿ ನಿಂತು, ಹೆಸರು ಹೇಳಲೂ ಬಾಯಿ ಬಾರದೆ, "ಅಜ್ಜಿ, ಅದು... ಕಂಬಳಿ ಹೊಲಿಯೋದು ಕೊಡ್ರಿ, ನನ್ ಕುರಿ ಸಾಯ್ತೈತೆ" ಎಂದೆ.

"ಈ ಹೊತ್ನಾಗೆ ಕೊಡಲ್ಲ ಕಣೇ."

ಮೈಯೆಲ್ಲ ಉರಿದುಹೋಯಿತು. "ನಿನ್ನ ಶಾಸ್ತ್ರಕ್ಕೆ ಬೆಂಕಿ ಬೀಳ!" ಎಂದುಬಿಟ್ಟೆ. ಅಜ್ಜಿ ಕಂಬಳಿಗೆ ಚುಚ್ಚಿಟ್ಟಿದ್ದ ದಬ್ಬಣ ಕಿತ್ತುಕೊಂಡು ನನಗಿಂತ ಮುಂದೆ ಹೊರಟಳು. "ಕೊಡಬಾರ್ದು ಅಂದವ್ರೆ. ನಾನೇ ತಕ್ಕಂಡು ಬರಬಾರ್ದು ಅಂತ ಯಾರಂದ್ರು? ನಡಿಯೇ."

ದಬ್ಬಣವನ್ನು ಬಿಸಿನೀರಿಗೆ ಅದ್ದಿ ಕುರಿಯ ಪಕ್ಕ ಕೂತೆವು. ಅಜ್ಜಿಗೆ ಕಣ್ಣು ಮಂಜು, ಜಾಗ ಕಾಣದು. ನನಗೆ ಕಾಣುತ್ತದೆ, ಆದರೆ ಅವಳು ದಬ್ಬಣ ಬಿಡಳು. ಕೊನೆಗೆ ಅವಳ ಮುಷ್ಟಿಯನ್ನೇ ಎರಡೂ ಕೈಯಲ್ಲಿ ಹಿಡಿದು ಜಾಗಕ್ಕೆ ತಂದೆ. ಒಳಗಿನ ಮರಿಗೆ ತಗುಲಿದರೆ? ಒತ್ತಿದೆ. ದಬ್ಬಣ ಚರ್ಮದೊಳಗೆ ಇಳಿಯಲಿಲ್ಲ. ಅಳುತ್ತಲೇ ಇನ್ನಷ್ಟು ಒತ್ತಿದೆ.

ಬುಸ್ಸೆಂದು ಗಾಳಿ ಹೊರಬಂತು, ಸಹಿಸಲಾಗದ ನಾತ. ಹೊಟ್ಟೆ ಇಳಿಯುತ್ತ ಹೋಯಿತು. ಕುರಿ ತಲೆಯೆತ್ತಿ ಒಂದು ಸಲ ಕೂಗಿತು.

ಡಾಕ್ಟರ ಬೈಕು ಬಂದು ನಿಂತಾಗಲೂ ನಾನು ಹಾಗೇ ಕೂತಿದ್ದೆನಂತೆ.

"ಬಿಡೇ," ಎಂದಳು ಅಜ್ಜಿ. "ನಿನ್ ಕುರಿ ಬದುಕ್ತು. ಈಗ ನನ್ ಕೈ ಸಾಯ್ತೈತೆ."