ಪದ್ಮಳ ಕೆಮ್ಮು ಅಂಟುರೋಗವಾಗಿರಲಿಲ್ಲ

ಅಕ್ಕ, ನಿನ್ನ ಮಗಳು ಪದ್ಮಳ ಕಾಯಿಲೆ ಅಂಟುವಂಥದ್ದು ಎಂದು ಡಾಕ್ಟರು ಹೇಳಲೇ ಇಲ್ಲ. ಹೇಳಿದವಳು ನಾನು. ಸುಳ್ಳು ಹೇಳಿದೆ.

ಅರವತ್ತರ ದಶಕದ ಮೊದಲ ವರ್ಷಗಳು. ನೀನು ಎರಡನೆಯ ಬಸುರಿ, ಬಸ್ಸಿನ ಕುಲುಕಾಟ ಆಗುತ್ತಿರಲಿಲ್ಲ. ಶಿಡ್ಲಘಟ್ಟದ ನಿಮ್ಮ ಮನೆಯಲ್ಲಿ ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟುವ ಸಮಯ, ಭಾವ ಕದಲುವಂತಿರಲಿಲ್ಲ. ಹಾಗಾಗಿ ಪದ್ಮಳನ್ನು ಬೆಂಗಳೂರಿನ ಆಸ್ಪತ್ರೆಗೆ ನಾನು ಕರೆದುಕೊಂಡು ಹೋದೆ. ಹುಟ್ಟಿದಾಗಿನಿಂದ ಕೆಮ್ಮು, ಎಷ್ಟು ಉಣಿಸಿದರೂ ಮೈಗೆ ಹತ್ತದ ಊಟ. ಮುತ್ತಿಟ್ಟರೆ ಮಗುವಿನ ಹಣೆ ಉಪ್ಪುಪ್ಪು ಎಂದು ನೀನೇ ನಗುತ್ತಿದ್ದೆ. ಈಚೆಗೆ ಕಫದಲ್ಲಿ ಕಂದು ಬಣ್ಣದ ಗಂಟುಗಳು ಬರುತ್ತಿದ್ದವು. ಊರಿನವರೆಲ್ಲ ಕ್ಷಯ ಎಂದೇ ನಂಬಿದ್ದರು.

ಡಾಕ್ಟರು ವಿದೇಶದಲ್ಲಿ ಓದಿ ಬಂದವರು. ಬೆವರನ್ನೂ ಕಫವನ್ನೂ ಪರೀಕ್ಷಿಸಿ, ಇದು ಕ್ಷಯವಲ್ಲ, ಸಿಸ್ಟಿಕ್ ಫೈಬ್ರೋಸಿಸ್ ಅನ್ನುವ ಹುಟ್ಟುರೋಗ ಎಂದರು. ತಾಯಿ ತಂದೆ ಇಬ್ಬರ ರಕ್ತದಿಂದಲೂ ಬರುತ್ತದಂತೆ. ಅಂಟಿನಂಥ ಕಫ ಕಟ್ಟಿಕೊಂಡ ಶ್ವಾಸಕೋಶದಲ್ಲಿ ಈಗ ಬೂಷ್ಟು ಬೇರೂರಿದೆ, ಹಸಿ ಹುಲ್ಲು, ಕೊಳೆತ ಸೊಪ್ಪಿನ ಹತ್ತಿರ ಸೇರಿಸಬೇಡಿ, ಒಣಗಿದ, ಗಾಳಿಯಾಡುವ ಕಡೆ ಮಲಗಿಸಿ ಎಂದರು. ದಿನವೂ ಅಂಗೈಯಿಂದ ಬೆನ್ನು ತಟ್ಟಿ ಕಫ ಇಳಿಸಬೇಕು. ಕೊನೆಗೆ ನನ್ನ ಮುಖ ನೋಡಿ ಹೇಳಿದರು: "ಮುಟ್ಟಿದರೆ ಅಂಟುವುದಿಲ್ಲ. ತಾಯಿಗೆ ಹೇಳಿ, ಹತ್ತಿರವೇ ಇಟ್ಟುಕೊಳ್ಳಲಿ."

ವಾಪಸು ಬರುವ ಬಸ್ಸಿನಲ್ಲಿ ನನ್ನ ಕಿವಿಯಲ್ಲಿ ಉಳಿದದ್ದು ಒಂದೇ ಮಾತು — ರಕ್ತ. ನಿನ್ನ ರಕ್ತವೆಂದರೆ ನನ್ನದೂ. ನನಗೆ ಚಿಂತಾಮಣಿ ಊರಿನ ಸಂಬಂಧ ಕೂಡಿಬಂದಿತ್ತು, ಮುಹೂರ್ತವಷ್ಟೇ ಬಾಕಿ. ವಂಶದ ರೋಗ ಎಂದು ಗೊತ್ತಾದರೆ ಆ ಮನೆಯವರು... ಪದ್ಮ ನನ್ನ ತೊಡೆಯ ಮೇಲೆ ನಿದ್ದೆಹೋಗಿದ್ದಳು. ಅವಳ ತಲೆ ಸವರುತ್ತಲೇ ನಾನು ಸುಳ್ಳನ್ನು ಹೊಂದಿಸಿಕೊಂಡೆ.

ಹೊಸ್ತಿಲಲ್ಲಿ ಕಾಯುತ್ತಿದ್ದ ನಿನಗೆ ಹೇಳಿದೆ, "ಅಂಟುರೋಗ ಅಂತೆ ಕಣಕ್ಕ. ಹೊಟ್ಟೇಲಿರೋ ಮಗೂಗೂ ಬರುತ್ತಂತೆ. ಬೇರೆ ಇಡ್ಬೇಕಂತೆ."

ಬೇರೆ ಎಂದರೆ ಯಾವ ಕೋಣೆ ಎಂದು ನಾನು ಯೋಚಿಸಿರಲಿಲ್ಲ. ನಿನ್ನ ಅತ್ತೆ ಹುಳುಮನೆಯ ಹಿಂದಿನ ಕೋಣೆ ತೋರಿಸಿದರು. ಹುಳು ತಿಂದುಳಿದ ಹಿಪ್ಪುನೇರಳೆ ಸೊಪ್ಪು ಅಲ್ಲೇ ರಾಶಿ ಬೀಳುತ್ತಿತ್ತು, ಗೋಡೆಯ ಬುಡದಲ್ಲಿ ಬಿಳಿಯ ಬೂಷ್ಟು. ಅದನ್ನು ನೋಡಿದೆ. ಡಾಕ್ಟರ ಮಾತು ನೆನಪಾಯಿತು. ಆದರೂ ಚಾಪೆ ಹಾಸಿದವಳು — ನಾನೇ.

ನೀನು ಬಾಗಿಲಲ್ಲೇ ನಿಂತು ತಟ್ಟೆ ಒಳಗೆ ತಳ್ಳುತ್ತಿದ್ದೆ, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೋಗುತ್ತಿದ್ದೆ. ನನ್ನ ಮದುವೆಗೆ ಮುಂಚೆ ಒಂದು ಸಂಜೆ ನಾನು ಒಳಗೆ ಹೋದೆ. ಪದ್ಮ ಉಸಿರಿಗಾಗಿ ಒದ್ದಾಡುತ್ತ ಕೇಳಿದಳು:

"ಚಿಕ್ಕಮ್ಮ, ವಾಸಿಯಾದ್ರೆ ಅಮ್ಮ ನನ್ನ ಎತ್ಕೋತಾಳಾ?"

"ಹೂಂ ಕಣಮ್ಮ," ಎಂದೆ.

ಆ ಮಳೆಗಾಲ ಮುಗಿಯುವುದರೊಳಗೆ ಅವಳು ಹೋದಳು. ಆಗಲೂ ನೀನು ಹೊರಗೆ ಜಗಲಿಯ ಮೇಲೆ, ಹೊಟ್ಟೆ ಹಿಡಿದುಕೊಂಡು ಕೂತಿದ್ದೆ. ನಿಜ ಹೇಳಿದ್ದರೆ ಬದುಕುತ್ತಿದ್ದಳೇ — ಗೊತ್ತಿಲ್ಲ. ಡಾಕ್ಟರೂ ಭರವಸೆ ಕೊಟ್ಟಿರಲಿಲ್ಲ. ಆದರೆ ಇನ್ನೊಂದಷ್ಟು ಕಾಲ ಇರುತ್ತಿದ್ದಳೇನೋ. ಹೋಗುವಾಗಲಾದರೂ ನಿನ್ನ ಮಡಿಲಲ್ಲಿ...

ನನ್ನ ಮದುವೆ ಆಯಿತು. ಮಕ್ಕಳು ಗಟ್ಟಿಯಾಗಿ ಬೆಳೆದವು. ನಾನು ಬಾಯಿ ಬಿಡಲಿಲ್ಲ.

ಹೋದ ತಿಂಗಳು, ಅಂದು ಹೊಟ್ಟೆಯಲ್ಲಿದ್ದ ನಿನ್ನ ಮಗ ರಾಮುವಿನ ಮನೆಯಲ್ಲಿ, ಬಸುರಿ ಸೊಸೆಗೆ ನನ್ನನ್ನು ತೋರಿಸಿ ಹೇಳಿದೆಯಲ್ಲ, "ನನ್ ತಂಗಿ ಅವತ್ತು ಎಚ್ಚರಿಸ್ದೇ ಇದ್ದಿದ್ರೆ ರಾಮೂನೂ ಉಳೀತಿರ್ಲಿಲ್ಲ ಕಣಮ್ಮ." ನಾನು ತಲೆ ತಗ್ಗಿಸಿ ಕಾಫಿ ಕುಡಿದೆ. ನನ್ನ ಸುಳ್ಳಿಗೆ ನೀನು ಇಷ್ಟು ವರ್ಷ ಋಣಿಯಾಗಿ ಬದುಕಿದ್ದೀಯೆ ಎಂದು ಆಗ ತಿಳಿಯಿತು.

ಈ ಭಾನುವಾರ ಬರುತ್ತೇನೆ, ಅಕ್ಕ. ರಾಮುವೂ ಅವನ ಹೆಂಡತಿಯೂ ಜೊತೆಗಿರಲಿ. ರಾಮುವಿನ ರಕ್ತದಲ್ಲೂ ಆ ರೋಗ ಅಡಗಿರಬಹುದು, ಮಗು ಹುಟ್ಟುವ ಮೊದಲೇ ಅವರಿಗೆ ತಿಳಿದಿರಬೇಕು. ಎಲ್ಲವನ್ನೂ ನನ್ನ ಬಾಯಿಂದಲೇ ಹೇಳುತ್ತೇನೆ. ಆಮೇಲೆ ನೀನು ಎದ್ದು ಹೋಗು ಎಂದರೆ, ಎದ್ದು ಹೋಗುತ್ತೇನೆ.