ಕಾರ್ಡಿಲ್ಲದೆ ಓಡಿದ ಕಾರು

ಕಂಪ್ಯೂಟರ್ ರಿಪೇರಿಯವನನ್ನು ಬೀದಿಯವರೆಲ್ಲ ತಕ್ಕಡಿಯಣ್ಣ ಎನ್ನುತ್ತಿದ್ದರು. ಪರದೆಗೆ ಚಿತ್ರ ಬಿಡಿಸಿಕೊಡುವ ಗ್ರಾಫಿಕ್ಸ್ ಕಾರ್ಡು ಕೊಳ್ಳುವವರು, ಮಾರುವವರು ಯಾರೇ ಆಗಲಿ, ಮೊದಲು ಅವನ ಮೇಜಿಗೆ ಬರಬೇಕು. ಅವನು ತೂಗುವ ರೀತಿಯೂ ಒಂದೇ: ಅದೇ ಕಂಪ್ಯೂಟರು, ಅದೇ ಕಾರ್ ರೇಸಿನ ಆಟ, ಅದೇ ಸೇತುವೆಯ ತಿರುವು. ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತಿವೆ ಎಂಬ ಅಂಕಿ ಪರದೆಯ ಮೂಲೆಯಲ್ಲಿ ಕಾಣುತ್ತದೆ. ಅಂಕಿ ದೊಡ್ಡದಾದಷ್ಟೂ ಕಾರ್ಡು ಗಟ್ಟಿ. ಅವನ ಮಾತಿಗೆ ಎದುರಾಡುವ ಗಂಡು ಆ ಬೀದಿಯಲ್ಲಿರಲಿಲ್ಲ.

ಎದುರಂಗಡಿ ಅವನ ಷಡ್ಡಕನದು. ಅಕ್ಕನನ್ನು ಇವನು, ತಂಗಿಯನ್ನು ಅವನು ಕಟ್ಟಿಕೊಂಡು, ಇಬ್ಬರೂ ಒಂದೇ ಬುತ್ತಿಯಲ್ಲಿ ಉಂಡವರು. ಹೋದ ವಾರ ಗಿರಾಕಿಯೊಬ್ಬ ಷಡ್ಡಕನ ಬಳಿ ಕೊಂಡ ಹೊಸ ಕಾರ್ಡನ್ನು ತನ್ನ ಹಳೆಯದರ ಜೊತೆ ತೂಗಿಸಲು ತಂದ. ಹಳೆಯದಕ್ಕೆ ಇಪ್ಪತ್ತೆರಡು. ಹೊಸದಕ್ಕೂ ಇಪ್ಪತ್ತೆರಡು. ತಕ್ಕಡಿಯಣ್ಣನ ಪಿತ್ತ ನೆತ್ತಿಗೇರಿತು. ಹಿಂದೆಮುಂದೆ ನೋಡದೆ, ನೆರೆದವರ ಎದುರಿಗೇ ಷಡ್ಡಕನನ್ನು ಕರೆಸಿ ನಿಲ್ಲಿಸಿದ.

“ಡಬ್ಬಿ ಹೊಸದು, ಒಳಗಿನ ಮಾಲು ಹಳಸಲು. ಸಂಬಂಧ ಅಂತ ಸುಮ್ನಿರ್ತೀನಿ ಅಂದ್ಕೊಂಡ್ಯಾ ಕಳ್ಳ?”

ಷಡ್ಡಕ ಕಂಪ್ಯೂಟರನ್ನೊಮ್ಮೆ ನೋಡಿದ. ತುಟಿಪಿಟಕ್ಕೆನ್ನದೆ ಕಾರ್ಡು ವಾಪಸು ತೆಗೆದುಕೊಂಡು ಹೋದ. ಸಾಚಾ ಆಗಿದ್ದರೆ ಸುಮ್ಮನಿರುತ್ತಿದ್ದನೇ ಎಂದರು ಜನ. ಅಂದಿನಿಂದ ಅವನಿಗೆ ಅಂಗಡಿಯಲ್ಲಿ ನೊಣ ಹೊಡೆಯುವ ಕೆಲಸ. ಅಕ್ಕತಂಗಿಯರ ನಡುವೆ ಮಾತೂ ನಿಂತಿತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಎಂದು ತಕ್ಕಡಿಯಣ್ಣನಿಗೆ ಹೇಳುವವರಾರು?

ಆಮೇಲೆ ಕಾರ್ಡು ತೂಗುವ ಕೆಲಸ ಬಂದದ್ದು ಮೊನ್ನೆ ಮಧ್ಯಾಹ್ನವೇ. ಯಾರೋ ಎರಡು ಕಾರ್ಡು ಕೊಟ್ಟುಹೋಗಿದ್ದರು. ಮೊದಲನೆಯದಕ್ಕೆ ಇಪ್ಪತ್ತೆರಡು ಬಂತು. ಇದೂ ದಂಡ ಎಂದುಕೊಂಡು ಕಂಪ್ಯೂಟರ್ ಆರಿಸಿ, ಕಾರ್ಡು ಕಿತ್ತು ಮೇಜಿನ ಮೇಲಿಟ್ಟ. ಅಷ್ಟರಲ್ಲಿ ಹೆಂಡತಿಯ ಫೋನು. ಮಾತಿನ ಭರದಲ್ಲಿ ಎರಡನೆಯದನ್ನು ಹಾಕುವುದನ್ನೇ ಮರೆತು ಸ್ವಿಚ್ ಒತ್ತಿದ. ಆಟ ಶುರುವಾಯಿತು. ಸೇತುವೆಯ ತಿರುವು ಬಂತು. ಮೂಲೆಯಲ್ಲಿ ಇಪ್ಪತ್ತೆರಡು.

ಮೇಜಿನತ್ತ ನೋಡಿದ. ಎರಡೂ ಕಾರ್ಡು ಅಲ್ಲೇ ಬಿದ್ದಿವೆ, ಪರದೆಯ ಮೇಲೆ ಕಾರು ಓಡುತ್ತಲೇ ಇದೆ. ಬಗ್ಗಿ ಕಂಪ್ಯೂಟರಿನ ಹಿಂಬದಿ ನೋಡಿದ. ಹೋದ ವಾರ, ಆ ಗಿರಾಕಿ ಬರುವ ಮುನ್ನ, ಧೂಳು ಹೊಡೆಯಲು ಬಿಚ್ಚಿದ್ದ ಪರದೆಯ ವಯರನ್ನು ಕಾರ್ಡಿನ ಕಿಂಡಿಗೆ ಚುಚ್ಚುವ ಬದಲು ಕಂಪ್ಯೂಟರಿನ ಸ್ವಂತ ಕಿಂಡಿಗೆ ಚುಚ್ಚಿಬಿಟ್ಟಿದ್ದ. ಅಂದಿನಿಂದ ಅವನು ಯಾವ ಕಾರ್ಡನ್ನೂ ತೂಗಿರಲೇ ಇಲ್ಲ. ಯಾವುದನ್ನು ಹಾಕಿದರೂ ಚಿತ್ರ ಬಿಡಿಸುತ್ತಿದ್ದದ್ದು ಕಂಪ್ಯೂಟರಿನ ಒಳಗಿನ ಬಡಕಲು ಚಿಪ್ಪೇ.

ಚಪ್ಪಲಿಯನ್ನೂ ಮೆಟ್ಟದೆ ರಸ್ತೆ ದಾಟಿದ. ಷಡ್ಡಕ ಒಬ್ಬನೇ ಕೂತಿದ್ದ.

“ವಯರು... ನಾನು ವಯರನ್ನ...” ಎಂದ.

“ಗೊತ್ತು ಅಣ್ಣ. ಅವತ್ತೇ ನೋಡ್ದೆ.”

“ನೋಡಿನೂ ಬಾಯಿ ಬಿಡ್ಲಿಲ್ವಾ? ಕಳ್ಳ ಅನ್ನಿಸ್ಕೊಂಡು ಬಂದ್ಯಾ?”

“ನಾನು ಚಾರ್ಜರು ಗೀರ್ಜರು ಮಾರಿ ಹೇಗೋ ಬದುಕ್ಕೋತೀನಿ. ನಿಮ್ಮ ಅಂಗಡಿ ನಡೆಯೋದು ನಿಮ್ಮ ಮಾತಿನ ಮೇಲೆ. ಅಷ್ಟು ಜನರ ಮುಂದೆ ಅದನ್ನ ಹೇಗೆ ಕಳೀಲಿ?”

ಷಡ್ಡಕ ಕೆನ್ನೆಗೆ ಎರಡು ಬಿಗಿದಿದ್ದರೆ ತಕ್ಕಡಿಯಣ್ಣ ತಡೆದುಕೊಳ್ಳುತ್ತಿದ್ದನೇನೋ. ಗಿರಾಕಿಗಳ ಕುರ್ಚಿಯಲ್ಲಿ ಕೂತ. ಷಡ್ಡಕ ನೀರು ತಂದು ಹಿಡಿದ. ಆ ಲೋಟ ಇಸಿದುಕೊಳ್ಳಲು ಅವನಿಗೆ ಕೈಯೇ ಬರಲಿಲ್ಲ.